80 ಸಾವಿರದಾಗ ಮೊದಲ್ನೇ ಗೇಮಿಂಗ್ ಪಿಸಿ, ಮನ್ಯಾಗ ನಾನಽ ಜೋಡಸ್ತೇನಿ. ಲಿಸ್ಟ್ ನೋಡಿ ಹೇಳ್ರಿ

ರಾಣೆಬೆನ್ನೂರ್_ರಿಗ್
ಎಲ್ಲಾರಿಗೂ ನಮಸ್ಕಾರ್ರಿ. ಇಲ್ಲೀತನಕ ಲ್ಯಾಪ್‌ಟಾಪ್‌ನ್ಯಾಗ ಆಡೇನಿ, ಬ್ಯಾಸಗ್ಯಾಗ ಅದರ ಮ್ಯಾಲೆ ಕೈ ಇಡಾಕ ಆಗಾಂಗಿಲ್ಲ. ಈಗ ಕೆಲಸ ಸಿಕ್ಕೈತಿ, ರೊಕ್ಕ ನಂದಽ. ಬಜೆಟ್ 80 ಸಾವಿರ, ಮಾನಿಟರ್ ಸೇರಿ. ಕೀಬೋರ್ಡ್ ಮೌಸ್ ಅದಾವ. ಆಡೂದು ವ್ಯಾಲೊರಂಟ್, ಜಿಟಿಎ 5, ಮುಂದ ಜಿಟಿಎ 6.

ಲಿಸ್ಟ್: ರೈಜನ್ 5 7600 ಪ್ರೊಸೆಸರ್, ಬಿ650 ಮದರ್‌ಬೋರ್ಡ್, ಡಿಡಿಆರ್5 ರ‍್ಯಾಮ್ 16 ಜಿಬಿ ಒಂದಽ ಸ್ಟಿಕ್, ಆರ್‌ಟಿಎಕ್ಸ್ 5060 ಗ್ರಾಫಿಕ್ಸ್ ಕಾರ್ಡ್, 500 ಜಿಬಿ ಎಸ್‌ಎಸ್‌ಡಿ, ಮುಂದ ಗಾಜು ಇರೂ ಆರ್‌ಜಿಬಿ ಕ್ಯಾಬಿನೆಟ್, ಅದರ ಜೋಡೀನಽ ಬರೂ 450 ವ್ಯಾಟ್ ಎಸ್‌ಎಂಪಿಎಸ್ (ಕರೆಂಟ್ ಕೊಡೂ ಪವರ್ ಸಪ್ಲೈ ಡಬ್ಬಿ), 24 ಇಂಚಿನ 144 ಹರ್ಟ್ಸ್ ಮಾನಿಟರ್.

ಹ್ವಾದ ದಸರಾಕ್ಕ ಲೆಕ್ಕ ಹಾಕ್ದಾಗ ಎಲ್ಲಾ ಕೂಡ್ತಿತ್ತು. ಈಗ ರ‍್ಯಾಮ್ ರೇಟ್ ನೋಡಿ ತಲಿ ತಿರಗೇತಿ. ಎಲ್ಲಿ ಕಡಿಮಿ ಮಾಡ್ಲಿ? ಮತ್ತ ನಮ್ಮಪ್ಪಾರು "ಅಂಗಡ್ಯಾಂವಗ ಕೊಡು, ನೀ ಸುಟ್ಟಿಟ್ಟಿ" ಅಂತಾರ. ಮನ್ಯಾಗ ಜೋಡಸೂದು ಅಷ್ಟು ರಿಸ್ಕ್ ಏನ್ರಿ?

ಎಸ್‌ಪಿರೋಡ್_ಸುತ್ತಾಟ
ಲಿಸ್ಟಲ್ಲಿ ಮೊದಲು ಹೊಡೆದುಹಾಕು ಆ ಫ್ರೀ ಎಸ್‌ಎಂಪಿಎಸ್‌ನ. ಮೇಲೆ 450 ಅಂತ ಸ್ಟಿಕ್ಕರ್ ಇರುತ್ತೆ ಗುರು, ಪಕ್ಕದಲ್ಲಿರೋ ಲೇಬಲ್ ಓದು. 12 ವೋಲ್ಟ್ ಲೈನಲ್ಲಿ ಎಷ್ಟು ಆಂಪ್ಸ್ ಅಂತ ನೋಡಿ 12ರಿಂದ ಗುಣಿಸು. 18 ಆಂಪ್ಸ್ ಇದ್ರೆ ಬರೋದು 216 ವ್ಯಾಟ್. ಪ್ರೊಸೆಸರ್ರು, ಗ್ರಾಫಿಕ್ಸ್ ಕಾರ್ಡು ಎರಡೂ ಎಳೆಯೋದು ಅದೇ ಲೈನಿಂದ. 5060 ಒಂದೇ 145 ವ್ಯಾಟ್ ಕುಡಿಯುತ್ತೆ. ಒಳ್ಳೆ ಕಂಪನಿಯ 550 ವ್ಯಾಟ್ ಬ್ರಾಂಜ್ ರೇಟಿಂಗ್ (ಕರೆಂಟ್ ಕಡಿಮೆ ವೇಸ್ಟ್ ಮಾಡೋದು) ತಗೊ, ನಿಂಗೆ ಅಷ್ಟು ಸಾಕು. 750 ತಗೋ ಅಂತ ಅಂಗಡಿಯವನು ಹೇಳಿದ್ರೆ ಅದು ಅವನ ಮಾರ್ಜಿನ್‌ಗೆ.

ಜೋಡಿಸೋದು ಕಷ್ಟ ಅಲ್ಲ. ಒಂದು ಸ್ಟಾರ್ ಸ್ಕ್ರೂಡ್ರೈವರ್, ಒಂದು ಮಧ್ಯಾಹ್ನ, ಫೋನು ಸೈಲೆಂಟಲ್ಲಿ. ಅಷ್ಟೆ.

ಕುಡ್ಲ_ಕಂಟ್ರೋಲರ್
ಇಷ್ಟು ತಲೆಬಿಸಿ ಎಂತಕ್ಕೆ ಮಾರಾಯ? ಪಿಎಸ್5 ತಗೊಂಡು ಟಿವಿಗೆ ಸಿಕ್ಕಿಸಿದ್ರೆ ಆಯ್ತಲ್ಲ. ನಿನ್ನ ಬಜೆಟ್ ಒಳಗೇ ಆಗ್ತದೆ, ಉಳಿದ ದುಡ್ಡಲ್ಲಿ ಗೇಮ್. ರ‍್ಯಾಮೂ ಇಲ್ಲ, ಡ್ರೈವರೂ ಇಲ್ಲ.

ಫ್ರೇಮ್_ಪಾಪಣ್ಣ
ಬಂತು, ಪ್ರತಿ ಥ್ರೆಡ್ಡಿಗೂ ಒಬ್ಬರು ಬಂದೇ ಬರ್ತೀರ. ಹೊಸ ಗೇಮ್ ಒಂದೊಂದಕ್ಕೆ 4-5 ಸಾವಿರ, ದುಡ್ಡು ಕೊಟ್ಟು ತಗೊಂಡ ಗೇಮನ್ನ ಆನ್‌ಲೈನಲ್ಲಿ ಆಡೋಕೆ ಮತ್ತೆ ಚಂದಾ. ಅದನ್ನೂ ಲೆಕ್ಕಕ್ಕೆ ಸೇರಿಸಿ.

ಕುಡ್ಲ_ಕಂಟ್ರೋಲರ್
ಅವ ಜಿಟಿಎ 6 ಅಂತ ಬರೆದಿದ್ದಾನೆ ನೋಡಿ. ಅದು ಘೋಷಣೆ ಆಗಿರೋದು ಪಿಎಸ್5, ಎಕ್ಸ್‌ಬಾಕ್ಸ್‌ಗೆ ಮಾತ್ರ. ಪಿಸಿ ಬಗ್ಗೆ ಅವರು ಬಾಯಿಯೇ ಬಿಟ್ಟಿಲ್ಲ.

ಫ್ರೇಮ್_ಪಾಪಣ್ಣ
ಅದು ನಿಜ. ಜಿಟಿಎ 5 ಕೂಡ 2013ರಲ್ಲಿ ಕನ್ಸೋಲ್‌ಗೆ ಬಂದು ಪಿಸಿಗೆ ಬಂದಿದ್ದು 2015ರಲ್ಲಿ. ರಾಣೆಬೆನ್ನೂರು, ಬರದೇ ಇರೋ ಗೇಮಿಗೆ ಈಗ ಕಾರ್ಡ್ ತಗೋಬೇಡ. ಆಡ್ತಿರೋ ಗೇಮಿಗೆ ತಗೊ.

ಇನ್ನೊಂದು, ರ‍್ಯಾಮ್ ಒಂದೇ ಸ್ಟಿಕ್ ಹಾಕ್ಬೇಡ. 16ರ ಒಂದರ ಬದಲು 8ರ ಎರಡು ಹಾಕು. ಎರಡು ಚಾನೆಲ್ ಸಿಕ್ಕರೆ ಮೆಮೊರಿಯ ದಾರಿ ಎರಡರಷ್ಟು ಅಗಲ. ವ್ಯಾಲೊರಂಟ್ ತರ ಪ್ರೊಸೆಸರ್ ಮೇಲೆ ನಿಂತ ಗೇಮ್‌ಗಳಲ್ಲಿ ಸರಾಸರಿ ಫ್ರೇಮ್ ಏರೋದಕ್ಕಿಂತ ನಡುನಡುವೆ ಜರ್ಕ್ ಹೊಡೆಯೋದು ಕಡಿಮೆಯಾಗುತ್ತೆ, ಆಡೋರಿಗೆ ಗೊತ್ತಾಗೋದು ಅದೇ.

ಒಂದ್ಲೈನ್_ರಾಜ
ಅಡಿಕೆ ರೇಟು, ಚಿನ್ನದ ರೇಟು, ಈಗ ರ‍್ಯಾಮ್ ರೇಟು. ಬೆಳಿಗ್ಗೆ ಪೇಪರಲ್ಲಿ ಹಾಕಿದ್ರೆ ಒಳ್ಳೇದು.

ಬಿಲ್ಡರ್_ಅಕ್ಕ_ಹುಬ್ಬಳ್ಳಿ
ತಮ್ಮಾ, ರ‍್ಯಾಮ್ ಯಾಕ ತುಟ್ಟಿ ಆಗೇತಿ ಅನ್ನೂದು ತಿಳ್ಕೊಂಡ್ರ ಎಲ್ಲಿ ಕಡಿಮಿ ಮಾಡಬೇಕು ಅನ್ನೂದೂ ತಿಳೀತೈತಿ. ಜಗತ್ತಿನ್ಯಾಗ ಮೆಮೊರಿ ಚಿಪ್ ದೊಡ್ಡ ಪ್ರಮಾಣದಾಗ ಮಾಡೂವರು ಮೂರು ಮಂದಿ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಮೂವರೂ ಎಐ ಡೇಟಾ ಸೆಂಟರ್‌ಗೆ ಬೇಕಾದ ಮೆಮೊರಿ ಕಡೆ ಹೊಳ್ಳ್ಯಾರ, ಅಲ್ಲಿ ಲಾಭ ಭಾಳ. ಮೈಕ್ರಾನ್‌ನವರಂತೂ ಮನಿ ಮಂದಿಗೆ ಮಾರೋ ಕ್ರೂಶಿಯಲ್ ಬ್ರ್ಯಾಂಡನ್ನಽ ನಿಲ್ಲಸ್ತೇವಿ ಅಂತ 2025ರ ಡಿಸೆಂಬರ್‌ನ್ಯಾಗ ಹೇಳಿದ್ರು. ಎಸ್‌ಎಸ್‌ಡಿಯೂ ಅದಽ ದಾರಿ ಹಿಡದೈತಿ.

ಹಿಂಗಾಗಿ ನನ್ನ ಮಾತು: ಡಿಡಿಆರ್5 ಬಿಡು. ರೈಜನ್ 5 5600 ತಗೊ, ಸೆಕೆಂಡ್ ಹ್ಯಾಂಡ್ ಡಿಡಿಆರ್4 ಹುಡುಕು. ರ‍್ಯಾಮ್ ಸಹಸಾ ಕೆಡಾಂಗಿಲ್ಲ, ಹಳೇದು ತಗೊಳ್ಳಾಕ ಹೆದರಬ್ಯಾಡ. ಎಸ್‌ಎಂಪಿಎಸ್, ಎಸ್‌ಎಸ್‌ಡಿ ಮಾತ್ರ ಹಳೇದು ಮುಟ್ಟಬ್ಯಾಡ.

ಎಸ್‌ಪಿರೋಡ್_ಸುತ್ತಾಟ
ಅಕ್ಕ, 5600 ಕೂರೋ ಎಎಂ4 ಸತ್ತ ಸಾಕೆಟ್ಟು. ಮುಂದೆ ಅಪ್‌ಗ್ರೇಡ್ ಅಂದ್ರೆ ಬೋರ್ಡು, ರ‍್ಯಾಮು ಎಲ್ಲ ಬಿಸಾಕ್ಬೇಕು. 7600 ಕೂರೋ ಎಎಂ5ಗೆ 2027ರವರೆಗೂ, ಅದರಾಚೆಗೂ ಪ್ರೊಸೆಸರ್ ತರ್ತೀವಿ ಅಂತ ಎಎಂಡಿಯೇ ಹೇಳಿದೆ.

ಬಿಲ್ಡರ್_ಅಕ್ಕ_ಹುಬ್ಬಳ್ಳಿ
ಅಪ್‌ಗ್ರೇಡ್ ಅಪ್‌ಗ್ರೇಡ್ ಅಂತ ಎಲ್ಲಾರೂ ಹೇಳ್ತಾರ, ಮಾಡೂವರು ಎಷ್ಟು ಮಂದಿ? ನನ್ನ ಕಡೆ ಜೋಡಿಸಿಕೊಂಡು ಹ್ವಾದವರು ತಿರುಗಿ ಬರೂದು ಧೂಳ ಹೊಡಸಾಕ. ಮುಂದಿನ ಪ್ರೊಸೆಸರ್ ಸಲುವಾಗಿ ಈಗಿನ ಗ್ರಾಫಿಕ್ಸ್ ಕಾರ್ಡ್ ಕಡಿಮಿ ಮಾಡೂದು ನನಗ ಒಪ್ಪಿಗಿ ಇಲ್ಲ.

ಎಸ್‌ಪಿರೋಡ್_ಸುತ್ತಾಟ
ರೇಟ್ ಇಳಿಯೋವರೆಗೆ ಕಾಯ್ಲಿ ಹಾಗಾದ್ರೆ.

ಬಿಲ್ಡರ್_ಅಕ್ಕ_ಹುಬ್ಬಳ್ಳಿ
ಕಾಯ್ಲಿ. ಅಷ್ಟೊತ್ತಿಗೆ ಅವನ ಮದುವಿ ಆಗಿ ರೊಕ್ಕ ಸೋಫಾಕ್ಕ ಹೋಗತೈತಿ.

ಒಂದ್ಲೈನ್_ರಾಜ
ಅಕ್ಕ ಗೆದ್ರು.

ಮ್ಯೂನಿಕ್_ಮಂಡ್ಯ
ಇಂಟೆಲ್ ಆರ್ಕ್ ಬಿ580 ಗ್ರಾಫಿಕ್ಸ್ ಕಾರ್ಡ್ ಯಾರೂ ಹೇಳ್ಲಿಲ್ವಲ್ಲ. 12 ಜಿಬಿ ಮೆಮೊರಿ ಇದೆ. ನಾನು ರಜಕ್ಕೆ ಊರಿಗೆ ಬರ್ತೀನಿ, ಬೇಕಾದ್ರೆ ಇಲ್ಲಿಂದ ಒಂದು ತರಲಾ?

ಫ್ರೇಮ್_ಪಾಪಣ್ಣ
ಒಳ್ಳೇ ಮನಸ್ಸು ನಿಮ್ಮದು, ಆದ್ರೆ ಬೇಡ ಸಾರ್. ಹೊರಗಿಂದ ತಂದ ಕಾರ್ಡ್‌ಗೆ ಎಷ್ಟೋ ಕಂಪನಿಗಳು ಇಲ್ಲಿ ವಾರಂಟಿ ಕೊಡಲ್ಲ. ಮತ್ತೆ ಆ ಬಿ580 ಡ್ರೈವರ್ರು ಪ್ರೊಸೆಸರ್ ಮೇಲೆ ಜಾಸ್ತಿ ಹೊರೆ ಹಾಕುತ್ತೆ. 5600 ತರದ ಹಳೇ ಪ್ರೊಸೆಸರ್ ಜೊತೆ ಹಾಕಿದ್ರೆ ಕೆಲವು ಗೇಮಲ್ಲಿ ಅದರ ಶಕ್ತಿ ಪೂರ್ತಿ ಹೊರಗೇ ಬರಲ್ಲ.

ಕಲಬುರಗಿ_ಕೂಲರ್
ಮುಂದೆ ಗಾಜಿನ ಕ್ಯಾಬಿನೆಟ್ ಬ್ಯಾಡ್ರಿ ಅಣ್ಣಾ. ಮುಂದ ಮೆಶ್ ಇರ್ಬೇಕು, ಗಾಳಿ ಒಳಗ ಹೋಗ್ಬೇಕು. ನಮ್ಮ ಕಡಿ ಏಪ್ರಿಲ್‌ದಾಗ 42 ಡಿಗ್ರಿ, ಆ ಗಾಜಿನ ಡಬ್ಬಿ ರೊಟ್ಟಿ ಹಂಚು ಆಗ್ತದ. ಮುಂದಿಂದ ಎರಡು ಫ್ಯಾನ್ ಒಳಗ, ಹಿಂದಿಂದ ಒಂದು ಹೊರಗ. ಲೈಟ್ ಬೇಕಂದ್ರ ದೀಪಾವಳಿ ಸೀರಿಯಲ್ ಸೆಟ್ ಸುತ್ತರಿ, ಅಗ್ಗ.

ಹಳೇಪಿಸಿ_ಮೇಷ್ಟ್ರು
ನೀವೆಲ್ಲ ಚಿಪ್ಪು ಕಾರ್ಡು ಅಂತ ಹೊಡೆದಾಡ್ತಾ ಇದೀರಿ, ಒಬ್ಬರಾದ್ರೂ ಆ ಹುಡುಗನ ಮನೆಯ ಪ್ಲಗ್ ಪಾಯಿಂಟ್ ಬಗ್ಗೆ ಕೇಳಿದ್ರಾ? ಅರ್ಥಿಂಗ್ ಇದೆಯೇನಪ್ಪ?

ಸುಮ್ಮನೆ ಕೇಳ್ತಿಲ್ಲ ಕಣ್ರೀ. ಎಸ್‌ಎಂಪಿಎಸ್ ಒಳಗೆ ಕರೆಂಟಿನ ಗಲಾಟೆ ಸೋಸೋಕೆ ಫೇಸ್‌ನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಸಣ್ಣ ಕೆಪ್ಯಾಸಿಟರ್ ಬಾಡಿಗೆ ಸೇರಿರುತ್ತೆ. ಅರ್ಥ್ ಸರಿ ಇದ್ರೆ ಅಲ್ಲಿಂದ ಸೋರೋ ಕರೆಂಟು ನೆಲಕ್ಕೆ ಹೋಗುತ್ತೆ. ಅರ್ಥ್ ಇಲ್ಲದಿದ್ರೆ ಕ್ಯಾಬಿನೆಟ್ ಬಾಡಿ ಮೇಲೆ 230ರಲ್ಲಿ ಅರ್ಧದಷ್ಟು ವೋಲ್ಟೇಜ್ ನಿಂತಿರುತ್ತೆ. ಬರಿಗಾಲಲ್ಲಿ ನಿಂತು ಮುಟ್ಟಿದ್ರೆ ಜುಂ ಅನ್ನುತ್ತೆ. ಅದರಿಂದ ಜೀವಕ್ಕೆ ಕುತ್ತಿಲ್ಲ, ಆದ್ರೆ ಒಳಗೆ ನಿಜವಾಗಿ ಏನಾದ್ರೂ ಲೀಕ್ ಆದ ದಿನ ಕಾಪಾಡೋಕೆ ಯಾರೂ ಇರಲ್ಲ.

ಮಲ್ಟಿಮೀಟರ್ ಇರೋ ಎಲೆಕ್ಟ್ರಿಷಿಯನ್ ಕರೆಸು. ಫೇಸ್‌ಗೂ ಅರ್ಥ್‌ಗೂ ನಡುವೆ ಸುಮಾರು 230 ಬರಬೇಕು, ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಬರೋದು ಎರಡು ಮೂರು ವೋಲ್ಟ್ ಮೀರಬಾರದು. ಕೆಲವರು ಸಾಕೆಟ್ ಒಳಗೇ ನ್ಯೂಟ್ರಲ್‌ನಿಂದ ಅರ್ಥ್‌ಗೆ ಒಂದು ವೈರ್ ತುಂಡು ಕಟ್ಟಿ "ಆಯ್ತು ಸಾರ್" ಅಂತಾರೆ. ಅದಕ್ಕೆ ಒಪ್ಪಲೇಬೇಡ. ಎಲ್ಲೋ ಹಿಂದೆ ನ್ಯೂಟ್ರಲ್ ಕಡಿದ ದಿನ ನಿನ್ನ ಕ್ಯಾಬಿನೆಟ್ಟೇ ಫೇಸ್ ಆಗುತ್ತೆ.

ಮಲೆನಾಡ್_ಮಿಂಚು
ಮೇಷ್ಟ್ರ ಮಾತಿಗೆ ನನ್ನದೂ ಒಂದು. ತೀರ್ಥಹಳ್ಳಿ ಕಡೆ ಮೇ ತಿಂಗಳಲ್ಲಿ ಗುಡುಗು ಶುರುವಾದ ಕೂಡಲೇ ಪವರ್ ಪ್ಲಗ್ ಜೊತೆ ಲ್ಯಾನ್ ಕೇಬಲ್ಲೂ ಕೀಳ್ತೇವೆ. ಫೈಬರ್ ಬಂತು, ಇನ್ನು ಹೆದರಿಕೆ ಇಲ್ಲ ಅಂತ ಜನ ಅಂದ್ಕೊಂಡಿದ್ದಾರೆ. ಗಾಜಿನ ಎಳೆಯಲ್ಲಿ ಮಿಂಚು ಬರೋದಿಲ್ಲ ಸರಿ, ಆದರೆ ರೌಟರ್‌ಗೂ ಅದೇ ಮನೆಯ ಕರೆಂಟು, ರೌಟರಿಂದ ಪಿಸಿಗೆ ತಾಮ್ರದ ಲ್ಯಾನು. ಬೋರ್ಡಿನ ಲ್ಯಾನ್ ಪೋರ್ಟ್ ಹೋಗೋದು ಹಾಗೆ.

ರಾಣೆಬೆನ್ನೂರ್_ರಿಗ್
ಮೇಷ್ಟ್ರಽ, ನೀವು ಹೇಳಿದ್ದು ಕೇಳಿ ಚೆಕ್ ಮಾಡಿಸಿದೆ. ಮಾಳಿಗಿ ಮ್ಯಾಲಿನ ರೂಮಿಗೆ ಅರ್ಥ್ ವೈರಽ ಎಳದಿಲ್ಲ! ಮೂರು ಪಿನ್ನಿನ ಸಾಕೆಟ್ ಐತಿ, ಮ್ಯಾಲಿನ ತೂತು ಖಾಲಿ. ಕೆಳಗಿಂದ ಹೊಸ ವೈರ್ ಎಳಸಾಕತ್ತೇನಿ.

ಈಗ ಹೊಸಾ ತಕರಾರು. ಅಪ್ಪಾರು ಎಲೆಕ್ಟ್ರಿಷಿಯನ್ ಮುಂದಽ "ಇದು ಎಷ್ಟು ಕರೆಂಟ್ ತಿಂತೈತಿ, ಗೃಹಜ್ಯೋತಿ ಹೋಗತೈತೇನು" ಅಂತ ಕೇಳಿದ್ರು. ಅಂವಾ "ಗೇಮಿಂಗ್ ಪಿಸಿ ಅಂದ್ರ ಎಸಿ ಇದ್ದಂಗ" ಅಂತ ಹೇಳಿ ಹ್ವಾದ. ಮನ್ಯಾಗ ಈಗ ದೊಡ್ಡ ಚರ್ಚೆ ನಡದೈತಿ.

ಒಂದ್ಲೈನ್_ರಾಜ
ಇಡೀ ಥ್ರೆಡ್ಡಲ್ಲಿ ಇದೊಂದೇ ನಿಜವಾದ ಸಮಸ್ಯೆ.

ಫ್ರೇಮ್_ಪಾಪಣ್ಣ
ಲೆಕ್ಕ ಹಾಕೋಣ ಬಾ. 5600 ಪೂರ್ತಿ ಲೋಡಲ್ಲಿ 76 ವ್ಯಾಟ್, 5060 145 ವ್ಯಾಟ್, ಬೋರ್ಡು ಫ್ಯಾನು ಮಾನಿಟರ್ರು ಎಲ್ಲ ಸೇರಿ ಗೋಡೆಯಿಂದ 300 ವ್ಯಾಟ್ ಅಂತ ಧಾರಾಳವಾಗೇ ಹಿಡಿ. ದಿನಕ್ಕೆ 3 ಗಂಟೆ ಆಡಿದ್ರೆ 0.9 ಯೂನಿಟ್. ತಿಂಗಳಿಗೆ 27. ಫ್ರೇಮ್ ರೇಟನ್ನ 144ಕ್ಕೆ ಕಟ್ಟಿಹಾಕಿದ್ರೆ ಅದಕ್ಕಿಂತ ಕಡಿಮೆ, ಯಾಕಂದ್ರೆ ವ್ಯಾಲೊರಂಟಲ್ಲಿ ಕಾರ್ಡು ಅಷ್ಟು ದುಡಿಯೋದೇ ಇಲ್ಲ. ಒಂದೂವರೆ ಟನ್ ಎಸಿ ಗಂಟೆಗೆ ಒಂದೂವರೆ ಯೂನಿಟ್‌ವರೆಗೂ ಹೋಗುತ್ತೆ. ಎಲ್ಲಿಗೆಲ್ಲಿ.

ಹಳೇಪಿಸಿ_ಮೇಷ್ಟ್ರು
ಪಾಪಣ್ಣ, 27 ಅನ್ನೋದು ಸಣ್ಣದಲ್ಲ ಕಣಯ್ಯ. ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಫ್ರೀ ಇಲ್ಲ. ಆ ಮನೆಯ ಹಿಂದಿನ ಸರಾಸರಿ ಬಳಕೆ, ಅದರ ಮೇಲೆ ಸ್ವಲ್ಪ ಹೆಚ್ಚುವರಿ, ಅಷ್ಟೇ ಫ್ರೀ. ಅದನ್ನ ದಾಟಿ 200ರ ಒಳಗಿದ್ರೆ ಹೆಚ್ಚಾದ ಯೂನಿಟ್‌ಗೆ ದುಡ್ಡು. 200 ದಾಟಿತು ಅಂದ್ರೆ ಆ ತಿಂಗಳು ಪೂರ್ತಿ ಬಿಲ್ಲು ತಲೆ ಮೇಲೆ. ಅಪ್ಪ ಕೇಳಿದ್ದು ಸರಿಯಾಗೇ ಇದೆ. ಈಗ ತಿಂಗಳಿಗೆ ಎಷ್ಟು ಬರ್ತಿದೆ?

ರಾಣೆಬೆನ್ನೂರ್_ರಿಗ್
110-120ರ ನಡುವ ಬರತೈತ್ರಿ. ಹಂಗಾದ್ರ 200 ಮುಟ್ಟಾಂಗಿಲ್ಲ. ಮ್ಯಾಲಿನ ಯೂನಿಟ್ಟಿನ ರೊಕ್ಕ ನಾ ಕೊಡ್ತೇನಿ ಅಂದೆ. "ಮೀಟರ್ ರೀಡಿಂಗ್ ನಾನಽ ಬರದಿಡ್ತೇನಿ" ಅಂದ್ರು ಅಪ್ಪಾರು. ಒಪ್ಪಿಗಿ ಸಿಕ್ಕಂಗಽ.

ಯುಪಿಎಸ್ ಬೇಕಾ? ಮನ್ಯಾಗ ಇನ್ವರ್ಟರ್ ಐತಿ.

ಮಲೆನಾಡ್_ಮಿಂಚು
ಇನ್ವರ್ಟರ್ ಪ್ಯೂರ್ ಸೈನ್ ವೇವ್ ಆಗಿದ್ದು, ಹಿಂದೆ ಯುಪಿಎಸ್ ಮೋಡ್ ಸ್ವಿಚ್ ಇದ್ದರೆ ಸಾಕಾಗ್ತದೆ. ಕರೆಂಟ್ ಹೋದಾಗ ಒಳ್ಳೆ ಎಸ್‌ಎಂಪಿಎಸ್ 16 ಮಿಲಿಸೆಕೆಂಡ್ ಆಸುಪಾಸು ತಡ್ಕೊಳ್ತದೆ. ಇನ್ವರ್ಟರ್ ಅಷ್ಟರೊಳಗೆ ಬದಲಾದ್ರೆ ಪಿಸಿ ಆಫ್ ಆಗೋದಿಲ್ಲ. ಸ್ಕ್ವೇರ್ ವೇವ್ ಆಗಿದ್ರೆ ಬೇಡ. ಬೇರೆ ಯುಪಿಎಸ್ ತಗೊಳ್ಳೋದಾದ್ರೆ ವಿಎ ನೋಡಿ ಖುಷಿಪಡಬೇಡ, ವ್ಯಾಟ್ ನೋಡು. 600 ವಿಎ ಅಂದ್ರೆ ಸಾಮಾನ್ಯವಾಗಿ 360 ವ್ಯಾಟ್. ಗೇಮ್ ಸೇವ್ ಮಾಡಿ ಶಟ್‌ಡೌನ್ ಮಾಡೋಕೆ ಅದು ಸಾಕು, ಮ್ಯಾಚ್ ಮುಗಿಸೋಕೆ ಅಲ್ಲ.

ಕುಡ್ಲ_ಕಂಟ್ರೋಲರ್
ಪಿಎಸ್5ಗೆ ಅರ್ಥಿಂಗ್ ಬೇಡ, ಎರಡೇ ಪಿನ್ 😌

ಹಳೇಪಿಸಿ_ಮೇಷ್ಟ್ರು
ಅಯ್ಯಾ, ಸಾಕು.

ರಾಣೆಬೆನ್ನೂರ್_ರಿಗ್
ಅಪ್‌ಡೇಟ್. ಎಲ್ಲಾ ಬಂತು. ದೋಸ್ತ ಒಬ್ಬಾಂವ ಎಎಂ5ಗೆ ಹೋಗಾಕತ್ತಿದ್ದ, ಅಂವನ ಕಡೆ ಬಿ450 ಬೋರ್ಡ್, ಡಿಡಿಆರ್4 3200ರ 8 ಜಿಬಿ ಎರಡು ಸ್ಟಿಕ್ ಸೇರಿಸಿ ಎಂಟು ಸಾವಿರಕ್ಕ ಸಿಕ್ತು. 5600, 5060, 550 ವ್ಯಾಟ್ ಎಸ್‌ಎಂಪಿಎಸ್, 1 ಟಿಬಿ ಎಸ್‌ಎಸ್‌ಡಿ, ಮೆಶ್ ಕ್ಯಾಬಿನೆಟ್, ಮಾನಿಟರ್ ಹೊಸಾವು. ಎಲ್ಲಾ ಕೂಡಿ 80ರ ಒಳಗಽ.

ಇವತ್ತ ಜೋಡಸೇನಿ. ಫ್ಯಾನ್ ತಿರಗ್ತಾವ, ಲೈಟ್ ಹತ್ತತಾವ, ಮಾನಿಟರ್‌ನ್ಯಾಗ ಏನೂ ಇಲ್ಲ. ಕರೀ ಪರದೆ. ಅಪ್ಪಾರು ಬಾಗಲದಾಗ ನಿಂತು ನೋಡಿ ಏನೂ ಅನಲಾರದಽ ಹೋದ್ರು, ಅದಽ ಹೆಚ್ಚು ಸಂಕಟ.

ಎಸ್‌ಪಿರೋಡ್_ಸುತ್ತಾಟ
ಎಚ್‌ಡಿಎಂಐ ಎಲ್ಲಿಗೆ ಹಾಕಿದೀಯ? ಬೋರ್ಡಿಗಾ, ಗ್ರಾಫಿಕ್ಸ್ ಕಾರ್ಡಿಗಾ? 5600ರಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ, ಬೋರ್ಡಿಗೆ ಹಾಕಿದ್ರೆ ಯಾವತ್ತೂ ಬರಲ್ಲ.

ರಾಣೆಬೆನ್ನೂರ್_ರಿಗ್
ಕಾರ್ಡಿಗಽ ಹಾಕೇನಿ.

ಕಲಬುರಗಿ_ಕೂಲರ್
ಬೋರ್ಡಿನ ಮ್ಯಾಲ ಎಡಕ್ಕ 8 ಪಿನ್ನಿಂದು ಪ್ರೊಸೆಸರ್ ಪವರ್ ಹಾಕೀರೇನು? 4 ಮತ್ತ 4 ಅಂತ ಒಡೀತದ ಅದು. 6 ಮತ್ತ 2 ಅಂತ ಒಡಿಯೋದು ಗ್ರಾಫಿಕ್ಸ್ ಕಾರ್ಡಿಂದು. ಜೋರ್ ಮಾಡಿ ಅದಲು ಬದಲು ತುರುಕಬ್ಯಾಡ್ರಿ.

ಫ್ರೇಮ್_ಪಾಪಣ್ಣ
ರ‍್ಯಾಮ್ ಯಾವ ಸ್ಲಾಟಲ್ಲಿದೆ? ಪ್ರೊಸೆಸರ್ ಕಡೆಯಿಂದ ಎಣಿಸಿದ್ರೆ ಎರಡು ಮತ್ತು ನಾಲ್ಕು. ಟಕ್ ಅನ್ನೋವರೆಗೂ ಒತ್ತು.

ರಾಣೆಬೆನ್ನೂರ್_ರಿಗ್
ಎರಡೂ ಚೆಕ್ ಮಾಡೇನ್ರಿ, ಸರಿ ಅದಾವ. ಒಂದಽ ಸ್ಟಿಕ್ ಹಾಕಿನೂ ನೋಡಿದೆ. ಬೋರ್ಡ್ ಮ್ಯಾಲೆ ನಾಕು ಸಣ್ಣ ಲೈಟ್ ಅದಾವ, ಅದರಾಗ ಸಿಪಿಯು ಅಂತ ಬರದಿದ್ದು ಕೆಂಪಗ ಹತ್ತಿ ಹಂಗಽ ನಿಂತೈತಿ.

ಎಸ್‌ಪಿರೋಡ್_ಸುತ್ತಾಟ
ಪಿನ್ ಬೆಂಡ್ ಆಗಿರುತ್ತೆ. ಎಎಂ4ರಲ್ಲಿ ಪಿನ್ನು ಪ್ರೊಸೆಸರಲ್ಲೇ ಇರೋದು. ಕೂಲರ್ ಬಿಚ್ಚಿ ನೋಡು.

ಬಿಲ್ಡರ್_ಅಕ್ಕ_ಹುಬ್ಬಳ್ಳಿ
ತಡೀ ತಮ್ಮಾ, ಕೂಲರ್ ಈಗಽ ಬಿಚ್ಚಬ್ಯಾಡ. ಪೇಸ್ಟ್ ಹಿಡಕೊಂಡು ಪ್ರೊಸೆಸರ್ ಸಾಕೆಟ್‌ನಿಂದ ಕಿತ್ಕೊಂಡು ಬರತೈತಿ, ಆವಾಗ ಖರೇನ ಪಿನ್ ಬಾಗ್ತಾವ.

ನಿನ್ನ ದೋಸ್ತ ಆ ಬೋರ್ಡ್‌ನ್ಯಾಗ ಯಾವ ಪ್ರೊಸೆಸರ್ ಓಡಸ್ತಿದ್ದ, ಕೇಳು. ಬಿ450 ಬಂದದ್ದು 2018ರಾಗ. 5600 ಬಂದದ್ದು 2022ರಾಗ. ಅಂವಾ ಬಯೋಸ್ (ಬೋರ್ಡಿನೊಳಗ ಇರೂ, ಪಿಸಿ ಚಾಲೂ ಮಾಡೂ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿರಲಿಲ್ಲ ಅಂದ್ರ ಬೋರ್ಡಿಗೆ ಈ ಪ್ರೊಸೆಸರ್ ಯಾವುದು ಅಂತಽ ಗೊತ್ತಾಗಾಂಗಿಲ್ಲ. ಹಿಂದ ಯುಎಸ್‌ಬಿ ಪೋರ್ಟ್ ಸನೇಕ ಫ್ಲ್ಯಾಶ್ ಬಯೋಸ್ ಅಂತ ಬಟನ್ ಐತೇನು ನೋಡು.

ರಾಣೆಬೆನ್ನೂರ್_ರಿಗ್
ಅಕ್ಕಾ, ಬಟನ್ ಐತಿ! ಅಂವಾ ರೈಜನ್ 5 2600 ಓಡಸ್ತಿದ್ದನಂತ. ಬಯೋಸ್ ಅಂದ್ರೇನು ಅಂತ ನನ್ನಽ ಕೇಳಿದ.

ಬಿಲ್ಡರ್_ಅಕ್ಕ_ಹುಬ್ಬಳ್ಳಿ
ಹಂಗಾದ್ರ ಸಿಕ್ತು. ಬೋರ್ಡಿನ ಕಂಪನಿ ಸೈಟಿಗೆ ಹೋಗು, ನಿನ್ನ ಬೋರ್ಡಿನ ಪೂರ್ತಿ ಹೆಸರು ಹೊಂದಿಸಿ ನೋಡು, ಒಂದು ಅಕ್ಷರ ಹೆಚ್ಚುಕಡಿಮಿ ಆದ್ರ ಅದು ಬ್ಯಾರೆ ಬೋರ್ಡ್. 5600 ಓಡಸೂ ಬಯೋಸ್ ಯಾವುದು ಅಂತ ಅಲ್ಲಿ ಪ್ರೊಸೆಸರ್ ಪಟ್ಟಿಯೊಳಗ ಇರತೈತಿ, ಅದನ್ನ ಇಲ್ಲಾ ಅದಕ್ಕಿಂತ ಹೊಸದನ್ನ ಇಳಿಸ್ಕೊ. ಪೆನ್‌ಡ್ರೈವ್ ಫ್ಯಾಟ್32 ಫಾರ್ಮ್ಯಾಟ್ ಮಾಡು. ಫೈಲಿಗೆ ಮ್ಯಾನ್ಯುಯಲ್‌ನ್ಯಾಗ ಹೇಳಿದ ಹೆಸರಽ ಇಡಬೇಕು. ಗುರುತು ಮಾಡಿದ ಪೋರ್ಟಿಗೆ ಹಾಕು, ಪಿಸಿ ಆಫ್ ಇರ್ಲಿ, ಎಸ್‌ಎಂಪಿಎಸ್ ಸ್ವಿಚ್ ಆನ್ ಇರ್ಲಿ, ಬಟನ್ ಒತ್ತು. ಲೈಟ್ ಮಿಣುಕು ಮಿಣುಕು ಅಂತೈತಿ. ನಿಲ್ಲೂತನಕ ಯಾವುದನ್ನೂ ಮುಟ್ಟಬ್ಯಾಡ, ನಡುವ ಕರೆಂಟ್ ಹೋಗಬಾರದು. ಇನ್ವರ್ಟರ್ ಮ್ಯಾಲೆ ಹಾಕಿ ಮಾಡು.

ಮಲೆನಾಡ್_ಮಿಂಚು
ಇದಕ್ಕೇ ನಾನು ಇನ್ವರ್ಟರ್ ಅಂದಿದ್ದು ಅಂತ ಈಗ ಹೇಳ್ಕೋಬಹುದಾ?

ಎಸ್‌ಪಿರೋಡ್_ಸುತ್ತಾಟ
ಅಂಗಡಿಯಲ್ಲಿ ಹೊಸ ಬಿ550 ತಗೊಂಡಿದ್ರೆ ಈ ರಗಳೆ ಇರ್ತಿರಲಿಲ್ಲ. ಮೇಲಾಗಿ ಬಿ450ರಲ್ಲಿ ಪಿಸಿಐಇ (ಕಾರ್ಡಿಗೂ ಬೋರ್ಡಿಗೂ ನಡುವಿನ ದಾರಿ) ಹಳೇ 3.0. 5060ಗೆ ಇರೋದೇ 8 ಲೇನು, ಅರ್ಧ ದಾರಿ ಅಲ್ಲೇ ಹೋಯ್ತು.

ಫ್ರೇಮ್_ಪಾಪಣ್ಣ
ದಾರಿ ಅರ್ಧ ಆದ್ರೆ ಫ್ರೇಮ್ ಅರ್ಧ ಆಗಲ್ಲ ಸ್ವಾಮಿ. ಕಾರ್ಡಿನ 8 ಜಿಬಿ ತುಂಬಿ ಹೊರಗೆ ಚೆಲ್ಲದೇ ಇರೋವರೆಗೆ ಅಂತಾ ವ್ಯತ್ಯಾಸ ಇಲ್ಲ. ಟೆಕ್ಸ್ಚರ್ ಅಲ್ಟ್ರಾಗೆ ಹಾಕಿ ಮೆಮೊರಿ ಮೀರಿಸಿದ್ರೆ ಆಗ ಜರ್ಕ್. ಒಂದು ಮೆಟ್ಟಿಲು ಕೆಳಗಿಳಿಸಿ ಹೈನಲ್ಲಿ ಆಡ್ಲಿ.

ರಾಣೆಬೆನ್ನೂರ್_ರಿಗ್
ಬಂತು!!! ಅಕ್ಕಾ ಡಿಸ್‌ಪ್ಲೇ ಬಂತು. 5600 ಅಂತ ತೋರಸಾಕತ್ತೈತಿ. ವಿಂಡೋಸ್ 11 ಹಾಕಾಕತ್ತೇನಿ.

ಬಿಲ್ಡರ್_ಅಕ್ಕ_ಹುಬ್ಬಳ್ಳಿ
ಭೇಷ್. ಹಾಕೂಕಿಂತ ಮೊದಲ ಬಯೋಸ್‌ನ್ಯಾಗ ಸಿಎಸ್ಎಂ (ಹಳೇ ರೀತಿ ಬೂಟ್) ಆಫ್ ಮಾಡು, ಎಫ್‌ಟಿಪಿಎಂ ಮತ್ತ ಸೆಕ್ಯೂರ್ ಬೂಟ್ (ಎರಡೂ ಭದ್ರತಾ ಸೆಟ್ಟಿಂಗ್) ಆನ್ ಮಾಡು. ವಿಂಡೋಸ್ 11ರಾಗ ಅವೆರಡೂ ಇಲ್ಲಂದ್ರ ವ್ಯಾಲೊರಂಟ್ ಒಳಗಽ ಬಿಡಾಂಗಿಲ್ಲ. ಅಲ್ಲೇ ಎಕ್ಸ್‌ಎಂಪಿನೂ ಆನ್ ಮಾಡು, ಇಲ್ಲಾಂದ್ರ ರೊಕ್ಕ ಕೊಟ್ಟ 3200 ರ‍್ಯಾಮ್ ಅದಕ್ಕಿಂತ ಕಡಿಮಿ ವೇಗದಾಗ ಓಡತೈತಿ.

ಫ್ರೇಮ್_ಪಾಪಣ್ಣ
ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗಲ್ಲಿ 144 ಹರ್ಟ್ಸ್ ಆಯ್ಕೆ ಮಾಡೋದು ಮರೀಬೇಡ. ವರ್ಷಗಟ್ಟಲೆ 60ರಲ್ಲೇ ಆಡಿ "ಏನೂ ವ್ಯತ್ಯಾಸ ಇಲ್ಲ" ಅನ್ನೋ ಜನ ಇದ್ದಾರೆ.

ಬೆಣ್ಣೆದೋಸೆ_ಬಯೋಸ್
ಥ್ರೆಡ್ ಮಧ್ಯೆ ಬರ್ತಿದೀನಿ, ಕ್ಷಮಿಸಿ. ನಂದೂ ಬಿ450, ಅದೇ ಕೆಂಪು ಲೈಟು. ನನ್ನ ಹತ್ರ ಇರೋದು 64 ಜಿಬಿ ಪೆನ್‌ಡ್ರೈವ್, ಫಾರ್ಮ್ಯಾಟ್ ಮಾಡೋಕೆ ಹೋದ್ರೆ ಫ್ಯಾಟ್32 ಆಯ್ಕೆನೇ ತೋರಿಸ್ತಿಲ್ಲ. ಹೊಸದು ತಗೋಬೇಕಾ?

ಬಿಲ್ಡರ್_ಅಕ್ಕ_ಹುಬ್ಬಳ್ಳಿ
ಬ್ಯಾಡ. ವಿಂಡೋಸ್‌ನ ಆ ಫಾರ್ಮ್ಯಾಟ್ ಕಿಟಕಿ 32 ಜಿಬಿ ಮ್ಯಾಲಿಂದಕ್ಕ ಫ್ಯಾಟ್32 ಕೊಡಾಂಗಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್‌ನ್ಯಾಗ ಪೆನ್‌ಡ್ರೈವಿಂದು ಪಾರ್ಟಿಷನ್ ಅಳಸು, 8 ಜಿಬಿದು ಒಂದಽ ಮಾಡು, ಆವಾಗ ಫ್ಯಾಟ್32 ತೋರಸತೈತಿ. ಒಳಗಿನ ಫೋಟೋ ಎಲ್ಲಾ ಮೊದಲ ತಕ್ಕೊ, ಅಳಸಿದ ಮ್ಯಾಲೆ ನನ್ನ ಕೇಳಬ್ಯಾಡ.